ಕಾರಣ: ವೈಯಕ್ತಿಕ

ಕೆಲಸ ಬಿಡುವ ದಿನ ಕೈಗೆ ಒಂದು ನೋ ಡ್ಯೂಸ್ ಫಾರಂ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಫಾರಂ, ಕೊಟ್ಟರು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ, ಹೆಸರು ಬೇಡ. ಲೈಬ್ರರಿ, ಸ್ಟೋರ್ಸ್, ಅಕೌಂಟ್ಸ್, ಎಲ್ಲ ಕಡೆ ಅಲೆದು ಸಹಿ ಹಾಕಿಸಿಕೊಂಡು ಬಂದೆ. ಹನಿ ಅಳೆಯುವ ಒಂದು ಹಳೇ ಪಿಪೆಟ್ ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಸ್ಟೋರ್ಸಿನಲ್ಲಿ ಅರ್ಧ ದಿನ ಕೂರಿಸಿದರು. ಫಾರಂನ ಕೊನೆಯಲ್ಲಿ ಒಂದು ಸಾಲು: ಬಿಡುತ್ತಿರುವ ಕಾರಣ. ಪೆನ್ನು ಹಿಡಿದು ಯೋಚನೆ ಮಾಡುತ್ತಾ ನಿಂತೆ. ಕಾರಣ ಒಂದೇ ಆಗಿದ್ದರೆ ಬರೆಯಬಹುದಿತ್ತು. ಮೇಜಿನ ಆ ಕಡೆ ಇದ್ದ ಗುಮಾಸ್ತರು ತಲೆ ಎತ್ತಿ, "ವೈಯಕ್ತಿಕ ಅಂತ ಬರೀರಿ ಮೇಡಂ, ಲೇಡೀಸ್ ಎಲ್ಲ ಅದನ್ನೇ ಬರೆಯೋದು" ಅಂದರು. ಪಾಪ, ಸಹಾಯ ಮಾಡೋಣ ಅಂತಲೇ ಹೇಳಿದ್ದು. ನಾನೂ ಬರೆದೆ. ಸಹಿ ಹಾಕಿ, ದಿನಾಂಕ ಹಾಕಿ, ಬಸ್ ಸ್ಟಾಪಿಗೆ ಬಂದೆ.

ಏಳು ವರ್ಷದ ಮೇಲಾಯಿತು. ಆ ಒಂದು ಪದ ಮಾತ್ರ ಆಗಾಗ ನೆನಪಾಗಿ ಸಿಟ್ಟು ಬರುತ್ತದೆ. ಗುಮಾಸ್ತರ ಮೇಲಲ್ಲ, ನನ್ನ ಮೇಲೆ. ಹತ್ತು ವರ್ಷ ಲ್ಯಾಬಿನಲ್ಲಿ ಕಳೆದವಳು, ಡೇಟಾ ಇಲ್ಲದೆ ಮಾತಾಡಬೇಡ ಅಂತ ಜೂನಿಯರ್‌ಗಳಿಗೆ ಬೈಯುತ್ತಿದ್ದವಳು, ಬಿಡುವ ದಿನ ಒಂದು ಸುಳ್ಳು ಡೇಟಾ ಬರೆದು ಬಂದೆ. ಯಾವುದೋ ಕಪಾಟಿನಲ್ಲಿ ಆ ಫಾರಂ ಕೂತಿರುತ್ತದೆ. ನಾಳೆ ಯಾರಾದರೂ ಹೆಂಗಸರು ಯಾಕೆ ಕೆಲಸ ಬಿಡುತ್ತಾರೆ ಅಂತ ಲೆಕ್ಕ ಹಾಕಿದರೆ, ನನ್ನದು 'ಮನೆ ಕಡೆ ಕಾರಣ' ಅನ್ನುವ ಲೆಕ್ಕಕ್ಕೆ ಸೇರುತ್ತದೆ.

ಇದು ನನ್ನೊಬ್ಬಳ ಕಥೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಸೇರಿ 2010ರಲ್ಲಿ ಒಂದು ವರದಿ ತಂದವು. ಪಿಎಚ್‌ಡಿ ಮಾಡಿದ ಹೆಂಗಸರನ್ನೇ ಹುಡುಕಿ ಕೇಳಿದ ಸಮೀಕ್ಷೆ. ಸಂಶೋಧನೆಯಲ್ಲಿ ಉಳಿದವರನ್ನೂ ಕೇಳಿದರು, ಬಿಟ್ಟವರನ್ನೂ ಕೇಳಿದರು, ಗಂಡಸರನ್ನೂ ಕೇಳಿದರು. ಹೆಂಗಸರು ಮನೆ, ಮಕ್ಕಳು ಅಂತ ಬಿಡುತ್ತಾರೆ ಅನ್ನೋದು ಎಲ್ಲರ ನಂಬಿಕೆ ಅಲ್ವಾ? ಬಿಟ್ಟವರನ್ನೇ ಕೇಳಿದರೆ, ಮನೆ ಅಂದವರು ತೀರಾ ಕಮ್ಮಿ. ಹೆಚ್ಚಿನವರಿಗೆ ಕೆಲಸವೇ ಸಿಕ್ಕಿರಲಿಲ್ಲ. ಓದಿದ್ದಕ್ಕೆ ತಕ್ಕ ಹುದ್ದೆ ಇರಲಿಲ್ಲ, ಇದ್ದರೆ ಕರೆಯಲಿಲ್ಲ. ಮನೆ ಕಾರಣ ಅಂತ ಹೇಳುತ್ತಿದ್ದವರು ಜಾಸ್ತಿ ಬೇರೆಯವರು, ಬಿಟ್ಟವರಲ್ಲ. ಇದನ್ನು ಓದಿದ ರಾತ್ರಿ ನನಗೆ ಆ ಫಾರಂ ಕಣ್ಣ ಮುಂದೆ ಬಂತು.

ಅಂಕಿಗಳು ಏನೂ ಗುಟ್ಟಲ್ಲ. ನಮ್ಮ ದೇಶದಲ್ಲಿ ವಿಜ್ಞಾನ, ತಂತ್ರಜ್ಞಾನ, ಗಣಿತ ಓದಿ ಪದವಿ ಪಡೆಯುವವರಲ್ಲಿ ಹುಡುಗಿಯರು ನೂರಕ್ಕೆ 43ರ ಆಸುಪಾಸು. ಇದನ್ನು ಹೇಳಿಕೊಂಡು ಮಂತ್ರಿಗಳು ಎದೆ ತಟ್ಟಿಕೊಳ್ಳುತ್ತಾರೆ, ತಪ್ಪಲ್ಲ, ಎಷ್ಟೋ ದೇಶಗಳಿಗಿಂತ ಇದು ಜಾಸ್ತಿಯೇ. ಆದರೆ 2018ರ ಸರ್ಕಾರಿ ಲೆಕ್ಕದಲ್ಲಿ ಸಂಶೋಧನೆಯ ಕೆಲಸದಲ್ಲಿ ಇದ್ದ ಹೆಂಗಸರು ನೂರಕ್ಕೆ 16.6. ನಡುವೆ ಎಲ್ಲಿ ಹೋದರು? ಇಂಗ್ಲಿಷಿನವರು ಇದಕ್ಕೆ 'ಸೋರುವ ಪೈಪು' ಅನ್ನುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ಪೈಪು ತಾನಾಗಿ ಸೋರುತ್ತದೆ, ಅದಕ್ಕೆ ಯಾರೂ ಕಾರಣರಲ್ಲ ಅನ್ನುವ ಹಾಗಿದೆ.

ಈಗ ನನ್ನ ಡೇಟಾ. ನನ್ನ ಲ್ಯಾಬ್ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಪ್ರಯೋಗ ಇರುತ್ತಿತ್ತು. ಹಿಂದಿನ ಪುಟಗಳಲ್ಲಿ ಬೇರೆ ಒಂದು ಲೆಕ್ಕ. ಅದನ್ನು ಶುರು ಮಾಡಿದ್ದು ತಮಾಷೆಗೆ. ಒಂದು ದಿನ ರಾತ್ರಿ ಒಂಬತ್ತೂವರೆಗೆ ಜೆಲ್ (ಕರೆಂಟು ಹಾಯಿಸಿ ಸ್ಯಾಂಪಲ್ ಬೇರ್ಪಡಿಸುವ ಅಂಟು ಪದರ) ಓಡುತ್ತಿತ್ತು, ಟಾಯ್ಲೆಟ್ಟಿಗೆ ಹೋಗಬೇಕಿತ್ತು. ನಮ್ಮದು ಹಳೇ ಕಟ್ಟಡ. ಎರಡನೇ ಮಹಡಿಯಲ್ಲಿ ಲ್ಯಾಬ್, ಲ್ಯಾಬಿನ ಪಕ್ಕದಲ್ಲೇ ಗಂಡಸರ ಟಾಯ್ಲೆಟ್. ಹೆಂಗಸರದ್ದು ಕೆಳಗೆ, ಆಚೆ ಬದಿಯಲ್ಲಿ, ಲೈಬ್ರರಿ ಹಿಂದೆ. ಆರು ಗಂಟೆಯ ಮೇಲೆ ಅದಕ್ಕೆ ಬೀಗ. ಬೀಗದ ಕೈ ವಾಚ್‌ಮನ್ ತಾತನ ಹತ್ತಿರ. ತಾತ ಊಟಕ್ಕೆ ಹೋಗಿದ್ದರೆ ಕಾಯಬೇಕು. ಆ ದಿನ ಹೆಜ್ಜೆ ಎಣಿಸಿದೆ. ಹೋಗಲು 214, ಬರಲು 214. ವಾಪಸ್ ಬರುವಷ್ಟರಲ್ಲಿ ಜೆಲ್‌ನ ಬಣ್ಣ ಅಂಚು ದಾಟಿ ಬಫರ್ ದ್ರವಕ್ಕೆ ಇಳಿದಿತ್ತು. ಮೂರು ದಿನದ ಸ್ಯಾಂಪಲ್ ಹಾಳು. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ 'ಪ್ರಯೋಗ ವಿಫಲ, ಹೆಚ್ಚು ಹೊತ್ತು ಓಡಿಸಿದ್ದರಿಂದ' ಅಂತ ಬರೆದೆ. ಹಿಂದಿನ ಪುಟ ತಿರುಗಿಸಿ '214' ಅಂತ ಬರೆದೆ.

ಅಲ್ಲಿಂದ ಚಟ ಹಿಡಿಯಿತು. ಯಾರಿಗೂ ತೋರಿಸಲಿಕ್ಕಲ್ಲ, ಸುಮ್ನೆ.

ಗ್ಲೌಸಿನ ಲೆಕ್ಕ ಇದೆ. ನಮ್ಮ ಸ್ಟೋರ್ಸಿಗೆ ಬರುತ್ತಿದ್ದದ್ದು ಎಲ್ ಸೈಜು, ಅಪರೂಪಕ್ಕೆ ಎಂ. ನನ್ನ ಕೈ ಚಿಕ್ಕದು, ಎಸ್ ಬೇಕು. ಎಲ್ ಗ್ಲೌಸ್ ಹಾಕಿದರೆ ಬೆರಳ ತುದಿಯಲ್ಲಿ ಅರ್ಧ ಇಂಚು ರಬ್ಬರ್ ಬಾತುಕೋಳಿ ಮೂಗಿನ ಥರ ಜೋತಾಡುತ್ತದೆ. ಸಣ್ಣ ಟ್ಯೂಬಿನ ಮುಚ್ಚಳ ಹಾಕುವಾಗ ಅದು ಸಿಕ್ಕಿಕೊಳ್ಳುತ್ತದೆ. ಚರ್ಮ ಸುಡುವ ಫಿನಾಲ್ ಹಿಡಿದಿರುವಾಗ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ನನ್ನ ಎಡಗೈ ಮಣಿಕಟ್ಟಿನ ಹತ್ತಿರ ಈಗಲೂ ಒಂದು ಬಿಳಿ ಕಲೆ ಇದೆ. ಇಂಡೆಂಟಿನಲ್ಲಿ, ಅಂದರೆ ಸಾಮಾನು ಕೇಳುವ ಚೀಟಿಯಲ್ಲಿ, ಎಸ್ ಸೈಜ್ ಅಂತ ಬರೆದು ಕೊಟ್ಟೆ. ಸ್ಟೋರ್ಸಿನ ಅಣ್ಣ ನಕ್ಕು, "ಎಲ್ ತಗೊಂಡ್ರೆ ಎಲ್ಲರಿಗೂ ಆಗುತ್ತೆ ಮೇಡಂ, ಎಸ್ ತಗೊಂಡ್ರೆ ನಿಮಗೊಬ್ಬರಿಗೇ" ಅಂದರು. ಲ್ಯಾಬಿನಲ್ಲಿ ಆಗ ಹನ್ನೊಂದು ಜನ, ಅದರಲ್ಲಿ ಏಳು ಜನ ಹುಡುಗಿಯರು. ಎಲ್ಲರಿಗೂ ಆಗುತ್ತದೆ ಅನ್ನುವಾಗಿನ ಆ 'ಎಲ್ಲರೂ' ಯಾರು ಅಂತ ನಾನು ಆಗ ಕೇಳಲಿಲ್ಲ. ಮೂರು ಸಲ ಇಂಡೆಂಟ್ ಹಾಕಿದೆ, ಮೂರು ಸಲವೂ ಎಲ್ ಬಂತು.

ಇನ್ನೊಂದು ಪುಟದಲ್ಲಿ ಬೊಕೆಯ ಲೆಕ್ಕ. ಹೊರಗಿನಿಂದ ಯಾರಾದರೂ ದೊಡ್ಡ ವಿಜ್ಞಾನಿ ಬಂದರೆ ಬೊಕೆ ಕೊಡಲು, ದೀಪ ಹಚ್ಚಲು ಮೇಣದಬತ್ತಿ ಹಿಡಿಯಲು, ನಿರೂಪಣೆ ಮಾಡಲು ನಮ್ಮನ್ನು ಕರೆಯುತ್ತಿದ್ದರು. ಒಂದು ವರ್ಷದಲ್ಲಿ ನಾನು ಬೊಕೆ ಕೊಟ್ಟಿದ್ದು ಒಂಬತ್ತು ಸಲ. ಅದೇ ವರ್ಷ ನನ್ನ ಕೆಲಸದ ಬಗ್ಗೆ ಮಾತಾಡಲು ವೇದಿಕೆ ಸಿಕ್ಕಿದ್ದು ಒಂದು ಸಲ, ಅದೂ ಊಟವಾದ ಮೇಲೆ, ಎಲ್ಲರೂ ತೂಕಡಿಸುವ ಹೊತ್ತಿಗೆ. ಅದರ ಜೊತೆ ಟೀ ಅಂಗಡಿಯ ಲೆಕ್ಕ ಬೇರೆ. ಗೇಟಿನ ಹೊರಗೆ ಒಂದು ಟೀ ಅಂಗಡಿ ಇತ್ತು, ಗೈಡು ಮತ್ತು ಹುಡುಗರು ಸಂಜೆ ಏಳಕ್ಕೆ ಅಲ್ಲಿ ಸಿಗರೇಟು ಹಚ್ಚಿ ನಿಲ್ಲುತ್ತಿದ್ದರು. ಯಾರ ಹೆಸರು ಪೇಪರಿನಲ್ಲಿ ಮೊದಲು ಬರಬೇಕು, ಯಾರು ಕಾನ್ಫರೆನ್ಸಿಗೆ ಹೋಗಬೇಕು, ಹೊಸ ಮಷೀನು ಯಾರ ಕೈಗೆ ಕೊಡಬೇಕು, ಎಲ್ಲ ಅಲ್ಲೇ ತೀರ್ಮಾನ. ನಮಗೆ ಬೆಳಿಗ್ಗೆ ಗೊತ್ತಾಗುತ್ತಿತ್ತು. ಯಾರೂ ನಮ್ಮನ್ನು ಬರಬೇಡಿ ಅಂದಿರಲಿಲ್ಲ. ಒಂದೆರಡು ಸಲ ಹೋದೆ ಕೂಡ. ಹೋದ ತಕ್ಷಣ ಮಾತು ನಿಂತು, "ಏನಮ್ಮಾ, ಮನೆಗೆ ಹೊರಟೆಯಾ?" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಅದೇ ಕಷ್ಟ. ನಮ್ಮ ಗೈಡು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ದೂರು ಕೊಡಬಹುದಿತ್ತು.

ಇಂಥದ್ದನ್ನೆಲ್ಲ ಹೇಳಿದರೆ ಜನ ನಗುತ್ತಾರೆ. ಗ್ಲೌಸು, ಟೀ, ಟಾಯ್ಲೆಟ್, ಇದೆಲ್ಲ ಒಂದು ಕಾರಣವಾ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ, ಅಮೆರಿಕದ ಎಂಐಟಿಯ ನ್ಯಾನ್ಸಿ ಹಾಪ್ಕಿನ್ಸ್ ಕಥೆ ಓದುವವರೆಗೆ. ಜೀವವಿಜ್ಞಾನಿ, ಪೂರ್ತಿ ಪ್ರೊಫೆಸರ್. 1990ರ ದಶಕದಲ್ಲಿ ಜೀಬ್ರಾ ಮೀನಿನ ಮೇಲೆ ಕೆಲಸ ಶುರು ಮಾಡಿದರು, ಮೀನಿನ ತೊಟ್ಟಿ ಇಡಲು 200 ಚದರ ಅಡಿ ಜಾಗ ಜಾಸ್ತಿ ಕೇಳಿದರು. ಕೊಡಲಿಲ್ಲ. ನಿನಗೆ ಬೇರೆಯವರಷ್ಟೇ ಜಾಗ ಇದೆ ಅಂದರು. ಅವರು ಏನು ಮಾಡಿದರು ಅಂದರೆ, ರಾತ್ರಿ ಹೊತ್ತು ಅಳತೆ ಟೇಪು ಹಿಡಿದು ಕಟ್ಟಡದ ಎಲ್ಲ ಲ್ಯಾಬುಗಳನ್ನೂ ಒಂದೊಂದಾಗಿ ಅಳೆದರು! ತಮಗೆ ಇದ್ದದ್ದು 1500 ಚದರ ಅಡಿ, ತಮಗಿಂತ ಎಷ್ಟೋ ಕಿರಿಯ ಗಂಡಸರಿಗೆ ಅದಕ್ಕಿಂತ ಜಾಸ್ತಿ. ಆಮೇಲೆ ಬೇರೆ ವಿಭಾಗಗಳ ಹೆಂಗಸರ ಜೊತೆ ಮಾತಾಡಿದರೆ ಎಲ್ಲರದ್ದೂ ಅದೇ ಪಾಡು, ಜಾಗ, ಸಂಬಳ, ಸಮಿತಿಗಳಲ್ಲಿ ಸ್ಥಾನ. 1999ರಲ್ಲಿ ಅದರ ವರದಿ ಹೊರಬಂತು. ಅಲ್ಲಿನ ಅಧ್ಯಕ್ಷರೇ ಹೌದು, ತಾರತಮ್ಯ ಇದೆ ಅಂತ ಒಪ್ಪಿಕೊಂಡರು. ಜಗತ್ತಿನ ಅಷ್ಟು ದೊಡ್ಡ ಸಂಸ್ಥೆ ಅಳತೆ ಟೇಪಿನ ಮುಂದೆ ಬಾಯಿ ಮುಚ್ಚಿತು. ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ. 214 ಹೆಜ್ಜೆಗೂ ಒಂದು ಮರ್ಯಾದೆ ಬಂದ ಹಾಗಾಯಿತು.

ನಮ್ಮೂರಿನ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ, ಹೆಮ್ಮೆ ಪಡುವಂಥದ್ದಲ್ಲ. 1933ರಲ್ಲಿ ಬಾಂಬೆಯಲ್ಲಿ ಬಿಎಸ್ಸಿ ಮುಗಿಸಿದ ಕಮಲಾ ಭಾಗವತ್, ಮದುವೆಯಾದ ಮೇಲೆ ಸೋಹೋನಿ, ಟಾಟಾ ಇನ್‌ಸ್ಟಿಟ್ಯೂಟಿಗೆ (ಬೆಂಗಳೂರಿನ ಈಗಿನ ಐಐಎಸ್‌ಸಿ) ಅರ್ಜಿ ಹಾಕಿದರು. ಆಗ ನಿರ್ದೇಶಕರು ಸಿ.ವಿ. ರಾಮನ್. ಹುಡುಗಿ ಅಂತ ಅರ್ಜಿ ತಿರಸ್ಕಾರ. ಆಕೆ ಗಾಂಧಿ ಕಾಲದ ಹುಡುಗಿ, ನೇರ ಬೆಂಗಳೂರಿಗೆ ಬಂದು ಸತ್ಯಾಗ್ರಹ ಮಾಡುತ್ತೇನೆ ಅಂತ ಪಟ್ಟು ಹಿಡಿದರು. ಕೊನೆಗೆ ಸೇರಿಸಿಕೊಂಡರು, ಆದರೆ ಷರತ್ತು. ಒಂದು ವರ್ಷ ಪರೀಕ್ಷೆಯ ಕಾಲ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಮತ್ತು ಆಕೆ ಇರುವುದರಿಂದ ಲ್ಯಾಬಿನ ವಾತಾವರಣ ಕೆಡಬಾರದು. ಮೂರನೆಯದನ್ನು ನಾನು ಎಷ್ಟು ಸಲ ಓದಿದ್ದೇನೋ. ಅಲ್ಲಿಂದ ಮುಂದೆ ಆಕೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು, ಸೈಟೋಕ್ರೋಮ್ ಸಿ ಅನ್ನುವ ಪ್ರೋಟೀನು ಗಿಡಗಳಲ್ಲೂ ಇದೆ ಅಂತ ತೋರಿಸಿದ ಕೆಲಸ. ನಮ್ಮ ದೇಶಕ್ಕೆ ವಾಪಸ್ ಬಂದು ತಾಳೆ ಜಾತಿಯ ಮರಗಳ ರಸ 'ನೀರಾ'ದ ಪೌಷ್ಟಿಕತೆ ಮೇಲೆ ಕೆಲಸ ಮಾಡಿದರು. ವಯಸ್ಸಾದ ಮೇಲೂ ರಾಮನ್ ನಡೆದುಕೊಂಡ ರೀತಿಯನ್ನು ಅವರು ಮರೆತಿರಲಿಲ್ಲ, ಬಹಿರಂಗವಾಗಿಯೇ ಹೇಳಿದ್ದರು.

ಭೌತವಿಜ್ಞಾನಿ ಅನ್ನಾ ಮಣಿ 1940ರಲ್ಲಿ ರಾಮನ್ ಲ್ಯಾಬಿಗೇ ಬಂದರು. ವಜ್ರ, ಮಾಣಿಕ್ಯದ ಮೇಲೆ ಪ್ರಯೋಗ. ಫೋಟೋ ಪ್ಲೇಟಿಗೆ ಬೆಳಕು ತಾಗಿಸಲು 15-20 ಗಂಟೆ ಬೇಕಾಗುತ್ತಿತ್ತು, ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರಂತೆ. ಇಷ್ಟೆಲ್ಲ ಮಾಡಿ, ಪೇಪರುಗಳನ್ನು ಬರೆದು, 1945ರಲ್ಲಿ ಪ್ರಬಂಧ ಸಲ್ಲಿಸಿದರೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಎಂಎಸ್ಸಿ ಇಲ್ಲ ಅನ್ನುವುದು ಕಾರಣ. ಆ ಪ್ರಬಂಧ ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ ಉಳಿದಿದೆ, ಡಿಗ್ರಿ ಸಿಕ್ಕವರ ಪ್ರಬಂಧಗಳ ಸಾಲಿನಲ್ಲೇ. ಆಕೆ ಕೊರಗುತ್ತಾ ಕೂರಲಿಲ್ಲ, ಹವಾಮಾನ ಇಲಾಖೆ ಸೇರಿ ಇಡೀ ದೇಶದ ಬಿಸಿಲು, ಗಾಳಿಯನ್ನು ಅಳೆದರು, ಅಳೆಯುವ ಸಾಧನಗಳನ್ನು ಇಲ್ಲೇ ತಯಾರು ಮಾಡಿಸಿದರು. ಇವತ್ತು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡಿದಾಗ ನನಗೆ ಅವರ ನೆನಪಾಗುತ್ತದೆ.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಬಗ್ಗೆ ಮಾತ್ರ ಕನ್ನಡಿಗರಿಗೇ ಅಷ್ಟು ಗೊತ್ತಿಲ್ಲ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂಎಸ್ಸಿ ಮಾಡಿ ರಾಮನ್ ಹತ್ತಿರ ಕೆಲಸ ಕೇಳಲು ಹೋದರು. ಭೌತಶಾಸ್ತ್ರದ ಡಿಗ್ರಿ ಇಲ್ಲ ಅಂತ ಬೇಡ ಅಂದರು. ಸರಿ ಅಂತ ಅದೇ ಸಂಸ್ಥೆಯ ಎಲೆಕ್ಟ್ರಿಕಲ್ ಕಡೆ ಸೇರಿದರು. 1947ರಲ್ಲಿ ಸ್ಕಾಲರ್‌ಶಿಪ್ ಮೇಲೆ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋಗಿ, 1953ರಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದು, ಐಐಎಸ್‌ಸಿಯ ಎಂಜಿನಿಯರಿಂಗ್ ವಿಭಾಗದಲ್ಲಿ ಮೇಷ್ಟ್ರಾದ ಮೊದಲ ಹೆಂಗಸು ಆದರು. ಮೈಕ್ರೋವೇವ್, ಆಂಟೆನಾ ಅವರ ವಿಷಯ. 1982ರಲ್ಲಿ ನಿವೃತ್ತಿ. ನಾವು ಶಾಲೆಯಲ್ಲಿ ಮೇರಿ ಕ್ಯೂರಿ ಬಗ್ಗೆ ಮೂರು ಸಲ ಪ್ರಬಂಧ ಬರೆದೆವು, ನಂಜನಗೂಡಿನ ಈಕೆಯ ಹೆಸರು ನನಗೆ ಮೊದಲು ಗೊತ್ತಾಗಿದ್ದು ಪಿಎಚ್‌ಡಿ ಮುಗಿದ ಮೇಲೆ.

ಈ ಮೂವರನ್ನು ತಡೆದ ಕಾರಣ ನೋಡಿ. ಒಬ್ಬರಿಗೆ ಹೆಣ್ಣು ಅಂತ ನೇರವಾಗಿ ಹೇಳಿದರು. ಇನ್ನಿಬ್ಬರಿಗೆ ಡಿಗ್ರಿ ಇಲ್ಲ ಅಂದರು. ಇರಬಹುದು, ನಿಯಮ ಇದ್ದಿರಬಹುದು. ಆದರೆ ಕಾಲ ಕಳೆದ ಹಾಗೆಲ್ಲ ಬಾಗಿಲು ಹಾಕುವ ಮಾತು ಮೆತ್ತಗಾಗುತ್ತಾ ಬಂತು. ನನ್ನ ಕಾಲಕ್ಕೆ ಅದು "ಫಿಟ್ ಆಗಲ್ಲ" ಅಂತ ಆಯಿತು. ವಾತಾವರಣ ಅನ್ನುವ ಪದದ ಬದಲು 'ಲ್ಯಾಬ್ ಕಲ್ಚರ್' ಬಂತು.

ಇಂಟರ್‌ವ್ಯೂ ಒಂದರ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಕಾಯಂ ಹುದ್ದೆಯದ್ದು. ಎದುರಿಗೆ ಆರು ಜನ, ಆರೂ ಗಂಡಸರು. ನನ್ನ ಪ್ರೋಟೀನಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಮೂರನೆಯದು, "ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?" ಪುಣೆಯಲ್ಲಿ ಅಂದೆ. ಆಗ ಅವರೂ ಸಂಶೋಧನೆಯಲ್ಲೇ ಇದ್ದರು. "ಹಾಗಾದ್ರೆ ನೀವು ಇಲ್ಲಿ ಎಷ್ಟು ದಿನ ಇರ್ತೀರಿ?" ಇರ್ತೀನಿ ಸರ್ ಅಂದೆ. ಪಕ್ಕದವರು, "ಮಗು ಚಿಕ್ಕದು ಅಂತ ಇದೆಯಲ್ಲ, ನಮ್ಮ ಕಡೆ ರಾತ್ರಿ ಕೆಲಸ ಜಾಸ್ತಿ" ಅಂದರು. ಮಗುವಿನ ವಿಷಯ ನನ್ನ ಬಯೋಡೇಟಾದಲ್ಲಿ ಇರಲಿಲ್ಲ. ಪೇಪರುಗಳ ನಡುವೆ ಒಂದು ವರ್ಷ ಖಾಲಿ ಇದ್ದದ್ದು ನೋಡಿ ಅವರೇ ಲೆಕ್ಕ ಹಾಕಿದ್ದು. ಮುಂದಿನ ತಿಂಗಳು ಪುಣೆಯಲ್ಲಿ ನನ್ನ ಯಜಮಾನರ ಇಂಟರ್‌ವ್ಯೂ ಇತ್ತು. ಅವರಿಗೂ ಅದೇ ಮಗು, ಅವರಿಗೂ ಬೇರೆ ಊರಿನಲ್ಲಿ ಹೆಂಡತಿ. ಒಂದೂ ಪ್ರಶ್ನೆ ಇಲ್ಲ. ಮನೆಗೆ ಬಂದು ಇಬ್ಬರೂ ಸೇರಿ ನಕ್ಕೆವು. ನಕ್ಕಾದ ಮೇಲೆ ನಾನು ಅತ್ತೆ.

ಇದು ಆ ಆರು ಜನರ ಕೆಟ್ಟ ಬುದ್ಧಿ ಅಂತ ಬರೆದು ಮುಗಿಸಬಹುದು. ಅಷ್ಟು ಸರಳ ಇಲ್ಲ. 2012ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿ ಕಳಿಸಿದರು. ಅಕ್ಷರ ಅಕ್ಷರ ಒಂದೇ. ಅರ್ಧ ಜನಕ್ಕೆ ಹೋದದ್ದರಲ್ಲಿ ಹೆಸರು ಜಾನ್, ಉಳಿದವರಿಗೆ ಜೆನಿಫರ್. ಜಾನ್ ಜಾಣ ಅನ್ನಿಸಿದ, ಅವನಿಗೆ ವರ್ಷಕ್ಕೆ 30 ಸಾವಿರ ಡಾಲರ್ ಮೇಲೆ ಕೊಡಬಹುದು ಅಂದರು. ಜೆನಿಫರ್‌ಗೆ 26 ಸಾವಿರದ ಐನೂರರ ಆಸುಪಾಸು. ಮಹಿಳಾ ಪ್ರಾಧ್ಯಾಪಕರೂ ಗಂಡಸರ ಹಾಗೆಯೇ ಜಾನ್ ಕಡೆಗೇ ವಾಲಿದ್ದರು. ನನಗೆ ಇದು ಹೊಸದೇನಲ್ಲ. ನಾನು ರಜೆ ಕೇಳಲು ಹೋದಾಗ ಸಂಸ್ಥೆಯ ಹಿರಿಯ ಮೇಡಂ ಒಬ್ಬರು, "ನಾವೆಲ್ಲ ಹೆರಿಗೆಯಾಗಿ ನಲವತ್ತು ದಿನಕ್ಕೆ ಬಂದವರು ಕಣಮ್ಮ" ಅಂದಿದ್ದರು. ಅವರು ಪಟ್ಟ ಕಷ್ಟ ನಿಜ. ತಾನು ಬಿಸಿಲಲ್ಲಿ ನಡೆದು ಬಂದೆ ಅಂತ ಸೊಸೆಗೂ ಕೊಡೆ ಕೊಡದ ಅತ್ತೆಯ ಥರ ಕಂಡರು ನನಗೆ ಆವತ್ತು.

ರಜೆಯ ವಿಷಯ ಬಂತಲ್ಲ. 2017ರಲ್ಲಿ ಕಾನೂನು ತಿದ್ದುಪಡಿಯಾಗಿ ಹೆರಿಗೆ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಬಹುದು. ಪಿಎಚ್‌ಡಿ ಮಾಡುವ ಹುಡುಗಿಯರಿಗೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2016ರಲ್ಲೇ 240 ದಿನದವರೆಗೆ ರಜೆ ಕೊಡಬಹುದು ಅಂತ ನಿಯಮ ಮಾಡಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನಾನು ಪ್ರಾಜೆಕ್ಟ್ ಸೈಂಟಿಸ್ಟ್, ಅಂದರೆ ಕಾಯಂ ಅಲ್ಲ, ಮೂರು ವರ್ಷದ ಪ್ರಾಜೆಕ್ಟಿನ ದುಡ್ಡಿನಲ್ಲಿ ಸಂಬಳ. ನನಗೆ ರಜೆ ಕೊಟ್ಟರೆ ಆ ತಿಂಗಳುಗಳ ಸಂಬಳ ಯಾರು ಕೊಡಬೇಕು, ಸಂಸ್ಥೆಯೋ, ಪ್ರಾಜೆಕ್ಟೋ? ಫೈಲು ಮೂರು ಮೇಜು ಸುತ್ತಿತು. ಅದು ಸುತ್ತಿ ಮುಗಿಯುವುದರೊಳಗೆ ಮಗಳು ಹುಟ್ಟಿ ಕವುಚಿ ಬಿದ್ದು ಅಂಬೆಗಾಲಿಡುತ್ತಿದ್ದಳು.

ಮಗಳಿಗೆ ಐದು ತಿಂಗಳು ಇದ್ದಾಗ ಕೆಲಸಕ್ಕೆ ವಾಪಸ್ ಹೋದೆ. ಶಿಶುಪಾಲನಾ ಕೇಂದ್ರ ಇರಲಿಲ್ಲ, 'ಪ್ರಸ್ತಾಪ ಇದೆ' ಅಂತ ಇತ್ತು. ಹಾಲು ತೆಗೆಯಲು ಒಂದು ಜಾಗ ಬೇಕು. ಟಾಯ್ಲೆಟ್ಟಿಗೆ 214 ಹೆಜ್ಜೆ, ಅದೂ ಟಾಯ್ಲೆಟ್ಟು. ಕೊನೆಗೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬುಗಳನ್ನು ಜೋರಾಗಿ ತಿರುಗಿಸುವ ಮಷೀನು, ಇಡುವ ರೂಮು ಹುಡುಕಿಕೊಂಡೆ, ಅದಕ್ಕೆ ಒಳಗಿನಿಂದ ಚಿಲಕ ಇತ್ತು. ಮಷೀನು ಓಡುತ್ತಿದ್ದರೆ ಪಂಪಿನ ಸದ್ದು ಹೊರಗೆ ಕೇಳುವುದಿಲ್ಲ ಅನ್ನುವುದೊಂದು ಅನುಕೂಲ. ಎಷ್ಟೋ ಸಲ ಸುಮ್ನೆ ಖಾಲಿ ಟ್ಯೂಬುಗಳಿಗೆ ನೀರು ತುಂಬಿ, ಎದುರುಬದುರು ತೂಕ ಸರಿ ಮಾಡಿ, ಹದಿನೈದು ನಿಮಿಷ ತಿರುಗಿಸಲು ಬಿಟ್ಟು ಕೂರುತ್ತಿದ್ದೆ. ಒಂದು ದಿನ ಹೊರಗೆ ಬಂದರೆ ಒಬ್ಬ ಹುಡುಗ ಸ್ಯಾಂಪಲ್ ಹಿಡಿದು ಕಾಯುತ್ತಾ ನಿಂತಿದ್ದಾನೆ. "ಅಕ್ಕಾ, ದಿನಾ ಏನು ತಿರುಗಿಸ್ತೀರಿ ನೀವು?" ಅಂದ. ಏನು ಹೇಳಲಿ! ಮಾರನೇ ದಿನದಿಂದ ಅವನೇ ಬಾಗಿಲ ಮೇಲೆ 'ಬಳಕೆಯಲ್ಲಿದೆ, 20 ನಿಮಿಷ' ಅಂತ ಚೀಟಿ ಅಂಟಿಸುತ್ತಿದ್ದ. ಅರ್ಥವಾಗಿತ್ತು ಅಂತ ಕಾಣುತ್ತದೆ, ಒಂದು ಮಾತೂ ಆಡಲಿಲ್ಲ. ಹಿಂದಿನ ಪುಟದಲ್ಲಿ ಅವನ ಚೀಟಿಗಳ ಲೆಕ್ಕವೂ ಇದೆ, 61.

ಮಹಿಳಾ ದಿನಾಚರಣೆ ಮಾತ್ರ ತಪ್ಪದೆ ಆಗುತ್ತಿತ್ತು. ಒಬ್ಬೊಬ್ಬರಿಗೂ ಒಂದು ಗುಲಾಬಿ, ಒಂದು ಮಗ್ಗು, ರಂಗೋಲಿ ಸ್ಪರ್ಧೆ. ಮನೆ ಮತ್ತು ಕೆಲಸದ ಸಮತೋಲನ ಅಂತ ಉಪನ್ಯಾಸ. ಕೊಟ್ಟವರು ಗಂಡಸರು. ಆ ದಿನದ ಸ್ಲೈಡಿನಲ್ಲಿ ಇಸ್ರೋದ ಆ ಫೋಟೋ ಇದ್ದೇ ಇರುತ್ತದೆ, ನಿಮಗೂ ಗೊತ್ತಿರುತ್ತದೆ. 2014ರಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ನಗುತ್ತಿರುವ ಫೋಟೋ. ನನಗೂ ಇಷ್ಟ ಅದು. ಫೋಟೋದಲ್ಲಿದ್ದವರು ಆಡಳಿತ ವಿಭಾಗದವರು ಅಂತ ಆಮೇಲೆ ಇಸ್ರೋ ಹೇಳಿತು, ಮಿಷನ್ನಿನಲ್ಲಿ ಕೆಲಸ ಮಾಡಿದ ಮಹಿಳಾ ವಿಜ್ಞಾನಿಗಳು ಬೇರೆ ಇದ್ದಾರೆ ಅಂತಲೂ ಹೇಳಿತು. ಅವರಲ್ಲಿ ನಂದಿನಿ ಹರಿನಾಥ್, ರಿತು ಕರಿಧಾಲ್ ಅವರಂಥವರನ್ನು ಪತ್ರಕರ್ತರು ಹುಡುಕಿಕೊಂಡು ಹೋದರು, ಹೋಗಿ ಏನು ಕೇಳಿದರು? ಮನೆ ಹೇಗೆ ನಿಭಾಯಿಸುತ್ತೀರಿ ಅಂತ. ಅದೇ ಮಿಷನ್ನಿನ ಗಂಡಸರಿಗೆ ರಾತ್ರಿ ಮಕ್ಕಳ ಹೋಂವರ್ಕ್ ಯಾರು ಮಾಡಿಸಿದರು ಅಂತ ಕೇಳಿದ್ದನ್ನು ನಾನು ಓದಿಲ್ಲ.

ಲೈಂಗಿಕ ಕಿರುಕುಳದ ದೂರು ಸಮಿತಿಯ ಬಗ್ಗೆ ಜಾಸ್ತಿ ಹೇಳಲು ಹೋಗುವುದಿಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಜನ ಇರುವ ಕಡೆಯೆಲ್ಲ ಸಮಿತಿ ಇರಬೇಕು, ಅಧ್ಯಕ್ಷರು ಹಿರಿಯ ಮಹಿಳೆ, ಅರ್ಧಕ್ಕೆ ಕಮ್ಮಿಯಿಲ್ಲದಷ್ಟು ಹೆಂಗಸರು, ಒಬ್ಬರು ಹೊರಗಿನವರು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಕಾನೂನಿನಲ್ಲಿ ತಪ್ಪು ಹುಡುಕಲಾರೆ. ಆದರೆ ವಿಜ್ಞಾನದ ಕಸುಬಿನಲ್ಲಿ ಒಂದು ತೊಡಕು ಇದೆ, ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಗೈಡಿನ ಒಂದು ಶಿಫಾರಸು ಪತ್ರ ಇಲ್ಲದೆ ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲ. ಐದಾರು ವರ್ಷದ ದುಡಿಮೆ ಒಬ್ಬರ ಕೈಯಲ್ಲಿ ಇರುತ್ತದೆ. ದೂರು ಕೊಟ್ಟು ಗೆದ್ದ ಹುಡುಗಿಯ ಕೈಯಲ್ಲಿ ತೀರ್ಪು ಇರುತ್ತದೆ, ಪತ್ರ ಇರುವುದಿಲ್ಲ. ನನ್ನ ಗೆಳತಿಯೊಬ್ಬಳು ಹಾಗೆ ಗೆದ್ದಳು. ಈಗ ವಿಮಾ ಕಂಪನಿಯಲ್ಲಿದ್ದಾಳೆ. ಅವಳ ಫಾರಂನಲ್ಲಿ ಕಾರಣ ಏನು ಅಂತ ಬರೆದರೋ ಕೇಳಲಿಲ್ಲ.

ಏನೂ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ದೇಶದ ಎಷ್ಟೋ ಸಂಶೋಧನಾಲಯಗಳನ್ನು ನಡೆಸುವ ಸಿಎಸ್‌ಐಆರ್ ಶುರುವಾಗಿದ್ದು 1942ರಲ್ಲಿ, ಅದಕ್ಕೆ ಮೊದಲ ಮಹಿಳಾ ಮಹಾನಿರ್ದೇಶಕರಾಗಿ ಎನ್. ಕಲೈಸೆಲ್ವಿ ಬಂದಿದ್ದು 2022ರಲ್ಲಿ, 80 ವರ್ಷ ಹಿಡಿಯಿತು, ಆದರೆ ಬಂದರು. ಕೆಲಸ ಬಿಟ್ಟವರು ಮತ್ತೆ ಶುರು ಮಾಡಲು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಎಸ್‌ಟಿ ಮಹಿಳಾ ವಿಜ್ಞಾನಿ ಯೋಜನೆ ತಂದಿತು, 27ರಿಂದ 57 ವರ್ಷದವರೆಗೆ ಅರ್ಜಿ ಹಾಕಬಹುದಿತ್ತು. ಅದರಿಂದ ವಾಪಸ್ ಬಂದ ಮೂರು ನಾಲ್ಕು ಜನ ನನಗೇ ಗೊತ್ತು. ಯೋಜನೆಯ ಮೂರು ವರ್ಷ ಮುಗಿದ ಮೇಲೆ ಏನು ಅನ್ನುವುದು ಅವರೆಲ್ಲರ ಪ್ರಶ್ನೆ. ಕಾನ್ಫರೆನ್ಸುಗಳಲ್ಲಿ ಮಾತಾಡುವವರೆಲ್ಲ ಗಂಡಸರೇ ಇದ್ದರೆ ಎಣಿಸಿ ಎಲ್ಲರಿಗೂ ಗೊತ್ತಾಗುವ ಹಾಗೆ ಹಾಕುವ ಬಯಾಸ್‌ವಾಚ್‌ಇಂಡಿಯಾ ಅಂತ ಒಂದು ಗುಂಪು 2020ರಿಂದ ಕೆಲಸ ಮಾಡುತ್ತಿದೆ. ಎಣಿಸುವುದೇ ಅವರ ಮುಖ್ಯ ಕೆಲಸ. ಕೆಲವು ಆಯೋಜಕರು ಗಾಬರಿ ಬಿದ್ದು ಹೆಸರು ಸೇರಿಸುತ್ತಾರೆ. ಐಐಎಸ್‌ಸಿಯ ರೋಹಿಣಿ ಗೋಡ್‌ಬೋಲೆ, ಕಣ ಭೌತವಿಜ್ಞಾನಿ, ತಮ್ಮ ಭೌತವಿಜ್ಞಾನದ ಕೆಲಸದ ಜೊತೆಜೊತೆಗೇ ದಶಕಗಟ್ಟಲೆ ಇದರ ಹಿಂದೆ ಬಿದ್ದಿದ್ದರು. 2010ರ ಆ ವರದಿಯಲ್ಲೂ ಅವರಿದ್ದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರನ್ನು ಒಂದು ಸಲ ದೂರದಿಂದ ನೋಡಿದ್ದೆ, ಸಭಾಂಗಣದ ಮುಂದಿನ ಸಾಲಿನಲ್ಲಿ. ಮಾತಾಡಿಸಲು ಧೈರ್ಯ ಆಗಲಿಲ್ಲ, ಬೊಕೆ ಕೊಡುವ ಸರದಿ ಆವತ್ತು ಬೇರೆಯವಳದ್ದು.

ನಾನೀಗ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂಶೋಧನೆ ಅಂತ ದೊಡ್ಡದಾಗಿ ಇಲ್ಲ, ಒಂದು ಲ್ಯಾಬ್ ಇದೆ, ಅದರ ಉಸ್ತುವಾರಿ ನನ್ನದು. ಇಂಡೆಂಟಿಗೆ ಸಹಿ ಹಾಕುವವಳು ನಾನೇ! ಬಂದ ಮೊದಲ ವರ್ಷವೇ ಎಂಎಸ್ಸಿ ಲ್ಯಾಬಿಗೆ ಗ್ಲೌಸು ಎಸ್ ಸೈಜ್ ನಾಲ್ಕು ಡಬ್ಬಿ, ಎಂ ಆರು, ಎಲ್ ಎರಡು ಅಂತ ಬರೆದೆ. ಸ್ಟೋರ್ಸಿನವರು ಫೋನ್ ಮಾಡಿ, "ಮೇಡಂ, ಎಲ್ಲಾ ಎಲ್ ತಗೊಂಡ್ರೆ..." ಅಂದರು. ಇಲ್ಲಿಯೂ ಅದೇ ರಾಗ! ಎಸ್ ಬೇಕೇ ಬೇಕು ಅಂದೆ. ಬಂತು.

ತಮಾಷೆ ಏನು ಗೊತ್ತಾ, ಮೊದಲು ಖಾಲಿಯಾಗುವುದು ಎಸ್ ಡಬ್ಬಿಯೇ. ಹುಡುಗಿಯರು ಮಾತ್ರ ಅಲ್ಲ, ನಾಲ್ಕೈದು ಹುಡುಗರೂ ಸದ್ದಿಲ್ಲದೆ ಅದನ್ನೇ ತಗೊಂಡು ಹೋಗುತ್ತಾರೆ, ಅವರ ಕೈಗೂ ಎಲ್ ದೊಡ್ಡದಂತೆ. ಇಷ್ಟು ದಿನ ಯಾರೂ ಬಾಯಿ ಬಿಟ್ಟಿರಲಿಲ್ಲ. ಎಲ್‌ನ ಎರಡೂ ಡಬ್ಬಿ ಹೋದ ವರ್ಷದವು, ಧೂಳು ಹಿಡಿಯುತ್ತಾ ಕೂತಿವೆ. ಈ ಸಲದ ಇಂಡೆಂಟ್ ಇನ್ನೂ ಬರೆದಿಲ್ಲ, ಸ್ಟೋರ್ಸಿನವರು ಮೂರು ಗಂಟೆಗೆ ಬಾಗಿಲು ಹಾಕುತ್ತಾರೆ, ಈಗ ಎರಡೂ ಮುಕ್ಕಾಲು.